ಚಿಲಕ ಹೊಸ ಮನೆಗೆ ಬಂದದ್ದು ಮತ್ತು ಬಾರದೆ ಉಳಿದದ್ದು

೧

ಎಲ್ಲಿಂದ ಶುರು ಮಾಡಲಿ ಎಂಬುದೇ ತಲೆನೋವು. ಸಾಮಾನು ತುಂಬಿದ ಲಾರಿಯಿಂದ ಶುರು ಮಾಡಿದರೆ, ಓಹೋ, ಮನೆ ಬದಲಿಸುವ ಕಥೆ ಎಂದು ನೀವು ಕಾಲು ಚಾಚಿ ಕೂತುಬಿಡುತ್ತೀರಿ. ನಾಯಿಯಿಂದ ಶುರು ಮಾಡಿದರೆ ಮೊದಲ ಸಾಲಿಗೇ ಕರಗಿ ಬೆಣ್ಣೆಯಾಗುತ್ತೀರಿ. ಆಮೇಲೆ ನಾನು ಏನು ಗೀಚಿದರೂ ನಡೆಯುತ್ತದೆ. ಅದು ಮೋಸ. ಸತ್ತುಹೋದ ಅತ್ತೆಯಿಂದ ಶುರು ಮಾಡೋಣವೆಂದರೆ, ಬದುಕಿದ್ದಾಗಲೇ ಯಾರ ಮಾತಿಗೂ ಸಿಗದವಳು ಸತ್ತ ಮೇಲೆ ನನ್ನ ವಾಕ್ಯಕ್ಕೆ ಸಿಗುತ್ತಾಳೆಯೇ?

(ಒಂದು ಕರಡು "ಅಂದು ಆಕಾಶ ಮಂಕಾಗಿತ್ತು" ಎಂದು ಶುರುವಾಗಿತ್ತು. ಹರಿದೆ. ಆಕಾಶ ಮಂಕಾಗಿರಲಿಲ್ಲ, ಒಳ್ಳೆ ಬಿಸಿಲಿತ್ತು. ದುಃಖದ ದಿನಗಳಲ್ಲಿ ಹವಾಮಾನ ಸಹಕರಿಸುವುದು ಕಥೆಗಳಲ್ಲಿ ಮಾತ್ರ.)

ಹೋಗಲಿ, ಲಾರಿಯಿಂದಲೇ ಶುರು.

ಲಾರಿ ಹೊಸ ಮನೆಯ ಮುಂದೆ ನಿಂತಿತು. ಮನೆ ಎಂದರೆ ನಾಲ್ಕನೆಯ ಮಹಡಿಯ ಒಂದು ಫ್ಲ್ಯಾಟು. ಡ್ರೈವರನ ಪಕ್ಕ ಕೂತು ಬಂದವನು ಗಂಡ. ಊರಿನ ಲಿಫ್ಟುಗಳು ಕೆಟ್ಟರೆ ಹೋಗಿ ರಿಪೇರಿ ಮಾಡುವುದು ಅವನ ಕೆಲಸ. ಹಿಂದಿನ ಬಾಡಿಗೆ ಕಾರಿನಲ್ಲಿ ಅವನ ಹೆಂಡತಿ, ಅವಳ ತೊಡೆಯ ಮೇಲೆ ನಾಯಿಯ ತಲೆ. ನಾಯಿಯ ಹೆಸರು ಚಿಲಕ. ಮರಿಯಾಗಿದ್ದಾಗ ಬಾಗಿಲಿಗೆ ಒತ್ತಿಕೊಂಡೇ ಮಲಗುತ್ತಿತ್ತಂತೆ. ಒಳಗಿನವರು ಹೊರಗೆ ಹೋಗುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಹೆಸರಿಟ್ಟವಳು ಅತ್ತೆ. ನಾಯಿಯನ್ನು ತಂದವಳೂ ಅತ್ತೆಯೇ.

ಅತ್ತೆ ತೀರಿಕೊಂಡ ಮೇಲೆ ಹಳೆಯ ಮನೆಯ ಮಾಲೀಕರು ಸ್ವಲ್ಪ ದಿನ ಮರ್ಯಾದೆಗೆ ಸುಮ್ಮನಿದ್ದು, ಆಮೇಲೆ, "ಕೆಡವಿ ಅಂಗಡಿ ಸಾಲು ಕಟ್ತೀವಿ, ನೀವು ಬೇರೆ ಕಡೆ ನೋಡ್ಕೊಳಿ" ಎಂದರು. ನೋಡಿಕೊಂಡರು. ಇಷ್ಟೇ ಹಿನ್ನೆಲೆ.

ಇನ್ನು ಅವಳನ್ನು ಏನೆಂದು ಕರೆಯುವುದು? ಸೊಸೆ ಎಂದೇ ಕರೆಯುತ್ತೇನೆ. ಅತ್ತೆ ಹೋದ ಮೇಲೆ ಸೊಸೆ ಸೊಸೆಯಾಗಿಯೇ ಉಳಿಯುತ್ತಾಳೆಯೇ ಎಂದು ನೀವು ಕೇಳಬಹುದು. ಉಳಿಯುತ್ತಾಳೆ. ಅದೇ ಈ ಕಥೆಯ ತೊಂದರೆ.

೨

ಸೊಸೆ ಹಲ್ಲು ಮಾಡುವವಳು. ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವಳು ಲ್ಯಾಬಿನಲ್ಲಿ ಅದಕ್ಕೆ ಗಾರೆಪುಡಿ ಕಲಸಿ ಎರೆದು, ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ಜೋಡಿಸುತ್ತಾಳೆ. ಯಾರ ಮುಖವನ್ನೂ ನೋಡಿದವಳಲ್ಲ. ಆದರೆ ಅಚ್ಚು ಕೈಗೆ ಬಂದರೆ ಸಾಕು, ಈ ಮನುಷ್ಯ ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೆ, ಈ ಹೆಂಗಸು ಬಲದವಡೆಯಲ್ಲಿ ಅಗಿಯುವುದನ್ನು ಬಿಟ್ಟು ವರ್ಷಗಳಾದವು ಎಂದು ಹೇಳಬಲ್ಲಳು. ಕಂಡವರ ಬಾಯೊಳಗಿನದೆಲ್ಲ ಗೊತ್ತು, ಮನೆಯೊಳಗಿನದು ಮಾತ್ರ...

(ಈ ವಾಕ್ಯವನ್ನು ಅವಳೇ ಅರ್ಧಕ್ಕೆ ನಿಲ್ಲಿಸಿದಳು. "ಅದನ್ನ ಆಮೇಲೆ ಹೇಳಿ" ಎಂದಳು. ಸರಿ. ಅಂದಹಾಗೆ ಮೊದಲ ಕರಡಿನಲ್ಲಿ ಅವಳಿಗೆ ಬೇರೆ ಕೆಲಸ ಕೊಟ್ಟಿದ್ದೆ. ಯಾವುದೆಂದು ಈಗ ಹೇಳಿದರೆ ಗುಟ್ಟು ರಟ್ಟಾಗುತ್ತದೆ.)

ಚಿಲಕ ಲಿಫ್ಟಿನ ಮುಂದೆ ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತುಬಿಟ್ಟಿತು. "ಲಿಫ್ಟಿನವನ ಮನೆ ನಾಯಿ ಲಿಫ್ಟಿಗೆ ಹೆದರೋದಾ? ನನ್ನ ಮಾನ ಕಳೀಬೇಡ್ವೋ" ಎಂದು ಗಂಡ ನಗುತ್ತಾ ಅದನ್ನು ಎತ್ತಿಕೊಂಡು ಹೋದ. ಒಳಗೆ ಬಂದು ಕೆಳಗಿಟ್ಟ ಕೂಡಲೇ ಅದು ನೇರ ಹೋಗಿ ರಟ್ಟಿನ ಪೆಟ್ಟಿಗೆಗೆ ಮುಖ ಹೊಡೆಸಿಕೊಂಡಿತು. ತಿರುಗಿತು, ಬಾಗಿಲ ಚೌಕಟ್ಟಿಗೆ ಹೊಡೆಸಿಕೊಂಡಿತು. ಇಬ್ಬರೂ ನಕ್ಕರು. "ಕುಡಿದು ಬಂದಿದೆಯಾ ಹೇಗೆ?" ಎಂದ ಗಂಡ. ಮನೆ ಬದಲಿಸಿದ ದಣಿವಿನಲ್ಲಿ ಯಾವುದಕ್ಕಾದರೂ ನಗು ಬರುತ್ತದೆ. ಅದು ತಪ್ಪಲ್ಲ.

ಆಮೇಲಿನ ದಿನಗಳಲ್ಲಿ ನಗು ಬರಲಿಲ್ಲ. ನಾಯಿ ಹಾಲ್‌ನ ಒಂದು ಮೂಲೆ ಹಿಡಿದು, ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಮಗುವಿನ ಹಾಗೆ. ಊಟ ಬಿಟ್ಟಿತು. ನಿಂತಲ್ಲೇ ಉಚ್ಚೆ ಮಾಡಿತು. ಇಬ್ಬರೂ ಕೆಲಸಕ್ಕೆ ಹೋದಾಗ ಊಳಿಡುತ್ತದೆ ಎಂದು ಕೆಳಗಿನ ಮನೆಯ ಹೆಂಗಸು ಬಂದು ಹೇಳಿದಳು. ಜಗಳಕ್ಕೆ ಬಂದವಳಂತೆ ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಆಕೆ, "ನಂಗೆ ಅದರ ದನಿ ಕೇಳಿದ್ರೆ ಕೈಕಾಲೇ ಆಡಲ್ಲಮ್ಮ" ಎಂದು ಕಣ್ಣೊರೆಸಿಕೊಂಡು ಹೋದಳು.

ಸೊಸೆ ತಾಳ್ಮೆಯಿಂದ ಎಲ್ಲ ಸಹಿಸಿಕೊಂಡಳು.

೨ (ಮತ್ತೊಮ್ಮೆ)

"ಸುಳ್ಳು" ಎಂದಳು ಸೊಸೆ.

ಏನು ಸುಳ್ಳು ಎಂದೆ.

"ತಾಳ್ಮೆಯಿಂದ ಸಹಿಸ್ಕೊಂಡೆ ಅಂತ ಯಾಕ್ ಬರೆದ್ರಿ? ನಾನು ಹೊಡೆದಿದ್ದು ಎಲ್ಲಿ?"

ಅದನ್ನು ಬೇಕೆಂದೇ ಬಿಟ್ಟಿದ್ದೆ. ಓದುಗರು ನಾಯಿಗೆ ಹೊಡೆದವರನ್ನು ಕ್ಷಮಿಸುವುದಿಲ್ಲ. ಮನುಷ್ಯರಿಗೆ ಹೊಡೆದವರಾದರೆ ಪರವಾಗಿಲ್ಲ, ಹತ್ತು ಪುಟದಲ್ಲಿ ಸುಧಾರಿಸಿಕೊಳ್ಳುತ್ತಾರೆ. ಇದನ್ನು ಹೇಳಿದೆ.

"ಕ್ಷಮಿಸೋದು ಬೇಡ. ಬರೀರಿ."

ಬರೆಯುತ್ತೇನೆ. ರಜೆಯ ದಿನ. ಲ್ಯಾಬಿನಲ್ಲಿ ಮುಗಿಯದ ಒಂದು ಪೂರ್ತಿ ಸೆಟ್ಟು, ಯಾರೋ ಮುದುಕನದು, ಮನೆಗೆ ತಂದು ಸಣ್ಣ ಮೇಜಿನ ಮೇಲಿಟ್ಟು ಕೂತಿದ್ದಳು. ಮೇಲಿನ ಸಾಲು ಮುಗಿದಿತ್ತು. ಕೆಳಗಿನ ಸಾಲಿನ ಮುಂಭಾಗ ಉಳಿದಿತ್ತು. ಚಿಲಕ ಮೂಲೆಯಿಂದ ಹೊರಟು ಅವಳ ವಾಸನೆ ಹಿಡಿದು ಬಂತು. ಬಂದದ್ದು ಅವಳ ಹತ್ತಿರಕ್ಕೇ, ಆದರೆ ನಡುವೆ ಮೇಜಿತ್ತು. ಮೇಜು ಮಗುಚಿತು. ಹಲ್ಲೆಲ್ಲ ನೆಲದ ಮೇಲೆ ಕಾಳಿನಂತೆ ಚೆಲ್ಲಿ ಸೋಫಾದಡಿಗೆ ಉರುಳಿದವು. ಸೊಸೆ ಪೇಪರನ್ನು ಸುರುಳಿ ಮಾಡಿ ಬಾರಿಸಿದಳು. "ಕಣ್ಣು ಕಾಣಲ್ವಾ ನಿಂಗೆ? ಕಣ್ಣು ಕಾಣಲ್ವಾ?" ಎನ್ನುತ್ತಾ ಮೂತಿಯ ಮೇಲೇ ಬಾರಿಸಿದಳು. ನಾಯಿ ಓಡಲಿಲ್ಲ. ಯಾವ ಕಡೆಗೆ ಓಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಪೇಪರು ಬರುವುದಕ್ಕೆ ಮೊದಲು ತಲೆ ತಗ್ಗಿಸಲೂ ಇಲ್ಲ. ಬಿದ್ದ ಮೇಲೆ ಮಾತ್ರ, ಪ್ರತಿಸಲವೂ ಹೊಸದಾಗಿ ಬೆಚ್ಚುತ್ತಿತ್ತು.

ಹೊಡೆಯುವ ಕೈ ಅಲ್ಲೇ ನಿಂತಿತು. ಅವಳು ಬಗ್ಗಿ, ಅದರ ಮುಖದ ಮುಂದೆ ಬೆರಳಾಡಿಸಿದಳು.

"ಈಗ ಸರಿ ಹೋಯ್ತು" ಎಂದಳು ಸೊಸೆ. ನಾನು ಬರೆದದ್ದಕ್ಕೆ ಹೇಳಿದ ಮಾತದು.

೩

ನಾಯಿಗಳ ಡಾಕ್ಟರು ನೆಗಡಿಯಾಗಿದ್ದ ಒಬ್ಬ ದಪ್ಪ ಹೆಂಗಸು. ಚಿಲಕನನ್ನು ಎತ್ತರದ ಮೇಜಿನ ಮೇಲೆ ನಿಲ್ಲಿಸಿ, ಹತ್ತಿಯ ಒಂದು ಉಂಡೆ ತೆಗೆದುಕೊಂಡು ಅದರ ಮುಖದ ಮುಂದಿನಿಂದ ಕೆಳಕ್ಕೆ ಬಿಟ್ಟರು. ಹತ್ತಿಗೆ ಸದ್ದಿಲ್ಲ. ಚಿಲಕ ಕದಲಲಿಲ್ಲ. ಇನ್ನೊಂದು ಬಿಟ್ಟರು. ಆಮೇಲೆ ದೀಪ ಹಿಡಿದು ಕಣ್ಣು ನೋಡಿದರು.

"ಇದಕ್ಕೆ ಎಷ್ಟು ದಿನದಿಂದ ಕಾಣ್ತಿಲ್ಲ?"

"ನೆನ್ನೆ ಅನುಮಾನ ಬಂತು" ಎಂದಳು ಸೊಸೆ. "ಹೋದ ವಾರ ಮನೆ ಬದಲಾಯಿಸಿದ್ವಿ. ಅದರ ಗಾಬರಿಗೆ ಏನಾದ್ರೂ..."

"ಗಾಬರಿಗೆ ಕಣ್ಣು ಹೋಗಲ್ಲಮ್ಮ. ಇದು ಮೊನ್ನೆ ಮೊನ್ನೆದಲ್ಲ. ಕಮ್ಮಿ ಅಂದ್ರೂ ಒಂದೆರಡು ವರ್ಷ. ಮೇಲಿಂದ ಕಣ್ಣು ಚೆನ್ನಾಗೇ ಇದೆ, ಹಿಂದಿನ ಪರದೆ ಸತ್ತುಹೋಗಿದೆ."

"ಸಾಧ್ಯನೇ ಇಲ್ಲ. ಹಳೆ ಮನೇಲಿ ಓಡಾಡ್ಕೊಂಡಿತ್ತು. ಮೆಟ್ಟಿಲು ಹತ್ತಿ ಇಳೀತಿತ್ತು. ಬಂದವರನ್ನ ಗೇಟಿನ ತನಕ ಬಿಟ್ಟು ಬರ್ತಿತ್ತು."

ಡಾಕ್ಟರು ಮೂಗು ಒರೆಸಿಕೊಂಡರು. "ಎಲ್ರೂ ಹೀಗೇ ಹೇಳ್ತಾರೆ. ನಿಧಾನಕ್ಕೆ ಹೋಗುತ್ತಲ್ಲ, ನಾಯಿ ಮೂಗು, ಕಿವಿ, ನೆನಪು ಇಟ್ಕೊಂಡು ನಡೆಸ್ಕೊಂಡು ಹೋಗುತ್ತೆ. ಇಟ್ಟಿದ್ದು ಇಟ್ಟಲ್ಲೇ ಇದ್ರೆ ಮನೆಯವರಿಗೆ ಸುಳಿವೇ ಸಿಗಲ್ಲ. ಮನೆ ಬದಲಾಯಿಸಿದ ಮೇಲೇ ಎಷ್ಟೋ ಜನ ಇಲ್ಲಿಗೆ ಬರೋದು."

ಇಲ್ಲಿ ನನಗೆ ಒಂದು ಭರ್ಜರಿ ಪ್ಯಾರಾ ಹೊಳೆಯಿತು. ಗಂಡಹೆಂಡತಿಯರೂ ಹೀಗೆಯೇ ಅಲ್ಲವೇ, ಅಭ್ಯಾಸದ ಮೇಲೆ ಓಡಾಡಿಕೊಂಡಿರುತ್ತಾರೆ, ಒಂದು ದಿನ ಜಾಗ ಬದಲಾದಾಗ...

"ರೀ ಕಥೆಗಾರ್ರೇ."

ಹೇಳಮ್ಮಾ ಎಂದೆ.

"ನನ್ನ ನಾಯಿನ ರೂಪಕ ಮಾಡ್ಬೇಡಿ. ಅದಕ್ಕೆ ಕಣ್ಣು ಕಾಣಲ್ಲ. ಅಷ್ಟೆ."

ಪ್ಯಾರಾ ಹೊಡೆದುಹಾಕಿದೆ. (ಈಗ ಹೇಳಬಹುದು: ಮೊದಲ ಕರಡಿನಲ್ಲಿ ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಣ್ಣಿನ ಕಥೆಗೆ ಕನ್ನಡಕದವಳು! ನಾಚಿಕೆಯಾಗಿ ಹಲ್ಲಿಗೆ ವರ್ಗಾಯಿಸಿದೆ.)

೪

ಇದನ್ನು ನಾನು ಮೊದಲೇ ಹೇಳಬೇಕಿತ್ತು. ಜಾಣ ಕಥೆಗಾರ ಒಂದನೇ ಭಾಗದಲ್ಲೇ ಸದ್ದಿಲ್ಲದೆ ಬಿತ್ತಿಟ್ಟಿರುತ್ತಿದ್ದ. ಆದರೆ ಸೊಸೆಗೆ ಇದು ನೆನಪಾದದ್ದೇ ಡಾಕ್ಟರ ಮನೆಯಿಂದ ವಾಪಸು ಬರುವಾಗ, ಬಸ್ ಸ್ಟಾಪಿನ ಬೆಂಚಿನ ಮೇಲೆ. ಅವಳಿಗೆ ನೆನಪಾಗುವ ಮೊದಲೇ ನಿಮಗೆ ಹೇಳುವುದು ಅನ್ಯಾಯ.

ಅತ್ತೆಗೂ ಸೊಸೆಗೂ ಬೇರೆ ಯಾವುದಕ್ಕೂ ಜಗಳವಿರಲಿಲ್ಲ. ಇದ್ದದ್ದು ಒಂದೇ: ಅತ್ತೆ ಮನೆಯ ಸಾಮಾನನ್ನು ಸರಿಸಗೊಡುತ್ತಿರಲಿಲ್ಲ.

ಸ್ಟೂಲು ಕಿಟಕಿಯ ಬಲಕ್ಕೇ ಇರಬೇಕು. ಚಪ್ಪಲಿ ಗೂಡು ಗೋಡೆಗೆ ಅಂಟಿಕೊಂಡೇ ಇರಬೇಕು. ಊಟದ ಮೇಜಿನ ಕುರ್ಚಿಗಳನ್ನು ಎದ್ದ ಕೂಡಲೇ ಒಳಕ್ಕೆ ತಳ್ಳಬೇಕು. ಮರೆತರೆ ಅತ್ತೆ ಮಂಚದಿಂದಲೇ, "ಕುರ್ಚಿ!" ಎಂದು ಕೂಗುವಳು, ಸೇನೆಗೆ ಆಜ್ಞೆ ಕೊಟ್ಟಂತೆ. ಒಮ್ಮೆ ಸೊಸೆ, ಗಾಳಿ ಬೆಳಕು ಬರಲಿ ಎಂದು ಅತ್ತೆಯ ಮಂಚವನ್ನೇ ಕಿಟಕಿಯ ಪಕ್ಕಕ್ಕೆ ಎಳೆದಿದ್ದಳು. ಅಂದು ಅತ್ತೆ ಆಡಿದ ಮಾತು: "ನನ್ನ ಹೆಣ ಹೊರಗೆ ಹೋದ ಮೇಲೆ ಮನೆ ಪೂರ್ತಿ ತಲೆಕೆಳಗು ಮಾಡ್ಕೋ ತಾಯಿ. ಅಲ್ಲೀತನಕ ಕೈ ಹಚ್ಚಬೇಡ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆ ಆ ಕಾಲಕ್ಕೆ ಕಾದಿದ್ದಳು. ಬಂತು ಆ ಕಾಲ. ಹೆಣ ಹೊರಗೆ ಹೋಯಿತು. ಆದರೆ ಸೊಸೆ ಒಂದು ಸ್ಟೂಲನ್ನೂ ಸರಿಸಲಿಲ್ಲ.

ಯಾಕೆ? ನಾನು ಕೇಳಿದೆ.

"ಯಾರ ಮೇಲೆ ಹಠ ಸಾಧಿಸೋಕೆ ಅಂತ ಸರಿಸ್ಲಿ?" ಎಂದಳು. ಬಸ್ಸು ಬಂತು. ನಾಯಿಯನ್ನು ಹತ್ತಿಸಿಕೊಳ್ಳಲು ಕಂಡಕ್ಟರು ಒಪ್ಪಲಿಲ್ಲ. ಇಬ್ಬರೂ ನಡೆದೇ ಹೋದರು. ಪಾದಚಾರಿ ದಾರಿಯ ಅಂಚು ಬಂದಲ್ಲೆಲ್ಲ ಅವಳು ನಿಂತು, "ಇಳಿ" ಎಂದಳು. ಅದಕ್ಕೆ ಆ ಮಾತು ಗೊತ್ತಿರಲಿಲ್ಲ. ಮುಗ್ಗರಿಸಿದ ಮೇಲೆ ತಿಳಿದುಕೊಳ್ಳುತ್ತಿತ್ತು.

ಅಂದು ಸಂಜೆ ಗಂಡನಿಗೆ ಹೇಳಿದಳು. "ನಿಮ್ಮಮ್ಮಂಗೆ ಗೊತ್ತಿತ್ತು ರೀ. ನಾಯಿಗೆ ಕಾಣಲ್ಲ ಅಂತ ಗೊತ್ತಿತ್ತು. ಅದಕ್ಕೇ ಏನೂ ಸರಿಸೋಕೆ ಬಿಡ್ತಿರ್ಲಿಲ್ಲ."

ಗಂಡ ಶೂ ಬಿಚ್ಚುತ್ತಿದ್ದ. "ಗೊತ್ತಿದ್ರೆ ಹೇಳ್ತಿರ್ಲಿಲ್ವಾ?"

"ನಂಗ್ ಹೇಳ್ತಿರ್ಲಿಲ್ಲ. ಗೊತ್ತಾದ್ರೆ ನಾಯಿನ ಮನೆಯಿಂದ ಆಚೆ ಹಾಕಿಸ್ತೀನಿ ಅಂತ ಅನ್ಕೊಂಡಿರ್ಬೇಕು. ಅಷ್ಟು ವರ್ಷ ಒಂದೇ ಒಲೆ ಅನ್ನ ಉಂಡಿದೀವಿ, ಅಷ್ಟೂ ನಂಬಿಕೆ ಬೇಡ್ವಾ?"

"ಏನೂ ಇಲ್ಲ. ಅಮ್ಮಂದು ಹಠ ಅಷ್ಟೆ. ನಾನು ಚಿಕ್ಕವನಿದ್ದಾಗ್ಲೂ ಹಂಗೇ. ಹಿಡಿದಿದ್ದೇ ಹಠ, ಇಟ್ಟಿದ್ದೇ ಜಾಗ. ನೀನು ಸುಮ್ನೆ ಇಲ್ಲದ್ದು ಹಚ್ಕೋಬೇಡ."

ನೋಡಿ, ಈಗಲೇ ಇಬ್ಬರು ಅತ್ತೆಯಂದಿರಾದರು. ಒಬ್ಬಳಿಗೆ ಎಲ್ಲ ಗೊತ್ತಿತ್ತು, ಸೊಸೆಯ ಮೇಲೆ ನಂಬಿಕೆ ಇರಲಿಲ್ಲ. ಇನ್ನೊಬ್ಬಳಿಗೆ ಏನೂ ಗೊತ್ತಿರಲಿಲ್ಲ, ಹಟಮಾರಿ ಮಾತ್ರ. ಯಾವುದು ನಿಜ ಎಂದು ಸೊಸೆ ನನ್ನನ್ನು ಕೇಳಿದಳು. "ಬರೆದವರು ನೀವು, ನಿಮಗೆ ಗೊತ್ತಿರ್ಬೇಕಲ್ಲ." ನಾನು ಕೆಮ್ಮಿದೆ.

೪ರ ಬಾಲ

ಮೂರನೆಯ ಅತ್ತೆ ಬಂದದ್ದು ಮರುದಿನ, ಸೊಸೆ ಕಪ್ಪು ತೊಳೆಯುತ್ತಿದ್ದಾಗ.

ಅತ್ತೆಗೆ ಕೊನೆಕೊನೆಗೆ ಒಂದು ಕೆಟ್ಟ ಚಾಳಿ ಬಂದಿತ್ತು. ಚಹ ಬಗ್ಗಿಸುವಾಗ ಕಪ್ಪಿನೊಳಗೆ ಬೆರಳಿನ ತುದಿ ಇಳಿಬಿಡುವಳು. ಚಹ ಬೆರಳಿಗೆ ತಾಕಿದ ಕೂಡಲೇ ನಿಲ್ಲಿಸುವಳು. ಸೊಸೆಗೆ ಅಸಹ್ಯ. ಆ ಕಪ್ಪನ್ನು ಕುಡಿದಂತೆ ಮಾಡಿ ಸಿಂಕಿಗೆ ಸುರಿಯುವಳು. ಆ ದಿನಗಳಲ್ಲೇ ಅತ್ತೆ ಪೇಪರು ಓದುವುದನ್ನು ಬಿಟ್ಟಿದ್ದಳು: "ಬರೀ ಕೆಟ್ಟ ಸುದ್ದಿ, ಯಾರು ಓದ್ತಾರೆ?" ಸೂಜಿಯನ್ನು ಸೊಸೆಯ ಕಡೆ ಚಾಚಿ, "ನೀನು ಪೋಣಿಸ್ಕೊಡು, ನಿನಗೇನು ಬೇರೆ ಕೆಲಸ?" ಎನ್ನುವಳು.

ಸೊಸೆ ನೊರೆಗೈಯಲ್ಲೇ ಹೊರಗೆ ಬಂದಳು.

"ರೀ, ನಿಮ್ಮಮ್ಮಂಗೆ ಕಣ್ಣು ಕಾಣ್ತಿತ್ತಾ?"

"ಇದೆಂಥಾ ಪ್ರಶ್ನೆ? ಕಾಣ್ತಿತ್ತು."

"ನಿಜವಾಗ್ಲೂ?"

ಗಂಡ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮಡಿಲಲ್ಲಿಟ್ಟುಕೊಂಡ. ಹೇಳಿದ:

"ಕೆಲಸದಿಂದ ಬಂದ ತಕ್ಷಣ ಹತ್ರ ಕರೆದು ಮುಖ ಸವರ್ತಿದ್ಲು. ಕೆನ್ನೆ, ಗಲ್ಲ, ಹಣೆ. ಸೊರಗಿದ್ದೀಯಲ್ಲೋ ಅನ್ನೋಳು. ಮುಂಚೆ ಹಂಗೆಲ್ಲ ಮಾಡ್ತಿರ್ಲಿಲ್ಲ. ವಯಸ್ಸಾಯ್ತು, ಮಮತೆ ಜಾಸ್ತಿ ಆಗಿದೆ ಅನ್ಕೊಂಡಿದ್ದೆ." "ನಂಗೆ ನಾಚಿಕೆ ಆಗೋದು. ಒಂದೊಂದ್ಸಲ ಕೈ ತಳ್ಳಿಬಿಡ್ತಿದ್ದೆ" ಎಂದ.

ಆ ಮನೆಯಲ್ಲಿ ಕಣ್ಣಿಲ್ಲದವರು ಇಬ್ಬರಿದ್ದರೇ? ಸ್ಟೂಲು ಕಿಟಕಿಯ ಬಲಕ್ಕೇ ಇರಬೇಕೆಂದದ್ದು ಯಾರಿಗಾಗಿ? ನಾಯಿಗಾಗಿಯೇ, ತನಗಾಗಿಯೇ? ಕಣ್ಣಿದ್ದ ಇಬ್ಬರಿಗೆ ಅದು ಯಾಕೆ ಕಾಣಲಿಲ್ಲ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಆ ಇಬ್ಬರೂ ಆಗಲೇ ಕೇಳಿಕೊಂಡಾಗಿತ್ತು.

ಅಲ್ಲಿಂದ ಮುಂದೆ ಗಂಡನಿಗೆ ಚಿಲಕನ ಮುಖ ನೋಡಲಾಗಲಿಲ್ಲ. ನಾಯಿ ತಡವರಿಸಿಕೊಂಡು ಬಂದು ಅವನ ಮೊಣಕಾಲಿಗೆ ಮೂಗು ಹಚ್ಚಿದರೆ ಎದ್ದು ಬಾಲ್ಕನಿಗೆ ಹೋಗುವನು. ಒಂದು ದಿನ ಊಟದ ನಡುವೆ ಹೇಳಿದ: "ಮುದಿ ನಾಯಿಗಳನ್ನ ನೋಡ್ಕೊಳೋ ಒಂದು ಜಾಗ ಇದೆ. ವಿಚಾರಿಸಿದೀನಿ. ಒಳ್ಳೆ ಜನ. ಅವರೇ ವ್ಯಾನ್ ಕಳಿಸ್ತಾರೆ."

"ಅದು ಅಲ್ಲಿ ಹೋಗಿ ಮತ್ತೆ ಇನ್ನೊಂದು ಮನೆ ಕಲೀಬೇಕಾ?"

"ಇಲ್ಲೂ ಕಲೀತಿಲ್ವಲ್ಲ. ಊಟ ಮಾಡ್ತಿಲ್ಲ, ಮಲಗ್ತಿಲ್ಲ. ನಂಗೆ ಆಗ್ತಿಲ್ಲ ಕಣೇ. ಅದು ಗೋಡೆಗೆ ಮುಖ ಮಾಡಿ ನಿಂತ್ರೆ ನಂಗೆ..." ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಅವನನ್ನು ಕೆಟ್ಟವನನ್ನಾಗಿ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಪ್ರಯತ್ನಪಟ್ಟೆ. ಅವನು ಒಪ್ಪಲಿಲ್ಲ. ಸೊಸೆ ಬೇಡ ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ವ್ಯಾನು ಭಾನುವಾರ ಬರುವುದೆಂದಾಯಿತು.

೫

(ಈ ಭಾಗದಲ್ಲಿ, ಹಳೆಯ ಮಂಚದ ಹಲಗೆಯ ಸಂದಿಯಲ್ಲಿ ಅತ್ತೆ ಬರೆದಿಟ್ಟ ಚೀಟಿಯೊಂದು ಸಿಕ್ಕು ಎಲ್ಲ ಬಗೆಹರಿಯುತ್ತಿತ್ತು. ಹರಿದೆ. ಕಣ್ಣು ಕಾಣದವಳು ಚೀಟಿ ಬರೆಯುವುದಿಲ್ಲ, ಕಾಣುವ ಹಟಮಾರಿಯಂತೂ ಬರೆಯುವುದೇ ಇಲ್ಲ. ಅತ್ತೆ ಏನನ್ನೂ ಬಿಟ್ಟುಹೋಗಿಲ್ಲ. ಒಂದು ನಾಯಿಯನ್ನು ಬಿಟ್ಟು.)

೬

ಭಾನುವಾರ ಮಧ್ಯಾಹ್ನ. ಗಂಡ ಮಲಗಿದ್ದ, ಅಥವಾ ಮಲಗಿದಂತೆ ಇದ್ದ. ವ್ಯಾನು ಸಂಜೆಗೆ. ಸೊಸೆ ಚಿಲಕನ ಕೊರಳಿಗೆ ಪಟ್ಟಿ ಹಾಕಿ, ಒಂದು ಸುತ್ತು ಹೋಗಿ ಬರುತ್ತೇವೆ ಎಂದು ಬಾಗಿಲಿಗೆ ಹೇಳಿ ಹೊರಟಳು.

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ನನ್ನ ಕರಡಿನಲ್ಲಿ ಅವಳು ಪಾರ್ಕಿನ ಬೆಂಚಿನ ಮೇಲೆ ಕೂತು ಅಳಬೇಕಿತ್ತು. ಅವಳು ಪಾರ್ಕನ್ನು ದಾಟಿದಳು. ದೊಡ್ಡ ರಸ್ತೆ ದಾಟಿದಳು. ನಾನು ಹಿಂದೆ ಹಿಂದೆ ಓಡಿದೆ.

ಹಳೆಯ ಬೀದಿ ಇನ್ನೂ ಒಂದಷ್ಟು ದೂರವಿರುವಾಗಲೇ ಚಿಲಕನ ಮೂಗು ಮೇಲೆದ್ದಿತು. ಬೆನ್ನು ನೇರವಾಯಿತು. ಅಲ್ಲಿಯವರೆಗೆ ಅವಳು ಅದನ್ನು ಎಳೆದುಕೊಂಡು ಬಂದಿದ್ದಳು, ಈಗ ಅದು ಅವಳನ್ನು ಎಳೆಯಿತು. ಗೇಟು ಯಾರೋ ಆಗಲೇ ಕಿತ್ತುಕೊಂಡು ಹೋಗಿದ್ದರು. ಅಂಗಳದಲ್ಲಿ ಇಟ್ಟಿಗೆ ರಾಶಿ ಬಿದ್ದಿತ್ತು, ಅದಕ್ಕೊಂದು ಸಲ ಎಡವಿತು. ಬಾಗಿಲಿಗೆ ಬೀಗವಿರಲಿಲ್ಲ, ಕೆಡವುವ ಮನೆಗೆ ಬೀಗ ಯಾಕೆ?

ಒಳಗೆ ಏನೂ ಇರಲಿಲ್ಲ. ಕಿಟಕಿಯ ಬಾಗಿಲುಗಳೂ ಇರಲಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರು, ಗಡಿಯಾರ, ಅಲಮಾರು ಇದ್ದ ಜಾಗಗಳು ಮಾತ್ರ ಬೆಳ್ಳಗೆ ಉಳಿದಿದ್ದವು. ಸೊಸೆ ಪಟ್ಟಿ ಬಿಚ್ಚಿದಳು.

ಚಿಲಕ ನಡೆಯಿತು. ಗೋಡೆ ಹಿಡಿಯದೆ, ತಡವರಿಸದೆ, ಸರಸರ ನಡೆಯಿತು. ಹೊಸ್ತಿಲು ದಾಟಿ ಸ್ವಲ್ಪ ಎಡಕ್ಕೆ ಸರಿಯಿತು; ಬಲಕ್ಕೆ ಚಪ್ಪಲಿ ಗೂಡು ಇರುತ್ತಿತ್ತು. ಖಾಲಿ ಹಾಲ್‌ನ ನಡುವೆ ಇಲ್ಲದ ಊಟದ ಮೇಜನ್ನು ಬಳಸಿ ಹೋಯಿತು. ಕಿಟಕಿಯ ಹತ್ತಿರ ಸ್ಟೂಲನ್ನು ತಪ್ಪಿಸಿ ಮೈ ಓರೆ ಮಾಡಿತು. ಸಾಮಾನೆಲ್ಲ ನಾಲ್ಕನೆಯ ಮಹಡಿಯಲ್ಲಿತ್ತು, ಆದರೂ ಅದು ಒಂದಕ್ಕೂ ತಾಕಲಿಲ್ಲ. ಸೊಸೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಾಯಿ ನಡೆದ ಹಾಗೆಲ್ಲ ಮನೆ ಒಂದೊಂದಾಗಿ ಮತ್ತೆ ತುಂಬಿಕೊಳ್ಳುತ್ತಿತ್ತು.

ಅತ್ತೆಯ ಕೋಣೆಗೆ ಹೋಗಿ ಚಿಲಕ ನಿಂತಿತು. ಕತ್ತು ಚಾಚಿ ಗಲ್ಲವನ್ನು ಒಂದಿಷ್ಟು ಮೇಲೆತ್ತಿ, ಇಡಲು ಹೋಯಿತು. ಮಂಚದ ಅಂಚು ಅಲ್ಲಿರಬೇಕಿತ್ತು. ಗಲ್ಲ ಗಾಳಿಯಲ್ಲಿ ಇಳಿಯಿತು. ಮತ್ತೆ ಎತ್ತಿತು, ಮತ್ತೆ ಇಡಲು ಹೋಯಿತು. ಸೊಸೆ ಹತ್ತಿರ ಹೋಗಿ ಕೂತು ಅಂಗೈ ಒಡ್ಡಬೇಕೆಂದು ಹೆಜ್ಜೆ ಎತ್ತುವಷ್ಟರಲ್ಲಿ ಅದು ಅಲ್ಲಿಂದ ತಿರುಗಿ ಅಡುಗೆಮನೆಗೆ ಹೊರಟಿತ್ತು.

ಅಡುಗೆಮನೆ ಸಣ್ಣದು. ನೀರಿನ ಬಟ್ಟಲು ಇರುತ್ತಿದ್ದದ್ದು ಆ ತುದಿಗೆ. ಬಾಗಿಲಿನಿಂದ ಅಲ್ಲಿಗೆ ನೇರ ದಾರಿ, ನಡುವೆ ಎಂದೂ ಏನೂ ಇಟ್ಟವರಲ್ಲ. ಆದರೆ ಚಿಲಕ ನೇರ ಹೋಗಲಿಲ್ಲ. ಒಲೆಕಟ್ಟೆಯ ಮುಂದೆ ಬಂದಾಗ ಮೈಯನ್ನು ಗೋಡೆಗೆ ಒತ್ತಿಕೊಂಡು, ಬಾಲ ಇಳಿಸಿ, ಏನನ್ನೋ ದೊಡ್ಡದಾಗಿ ಅರ್ಧ ಸುತ್ತು ಬಳಸಿಕೊಂಡು ಹೋಯಿತು. ಅಲ್ಲಿ ಬಟ್ಟಲಿಲ್ಲವೆಂದು ಮೂಸಿ ತಿಳಿದು, ವಾಪಸು ಬರುವಾಗಲೂ ಅದೇ ಅರ್ಧ ಸುತ್ತು.

ಸೊಸೆ ಆ ಖಾಲಿ ಜಾಗವನ್ನು ನೋಡಿದಳು. ಏನಿತ್ತು ಅಲ್ಲಿ? ಸಿಲಿಂಡರು ಈ ಕಡೆ ಇರುತ್ತಿತ್ತು. ಡಬ್ಬ, ಬುಟ್ಟಿ ಎಲ್ಲ ಮೇಲೆ. ಅಲ್ಲಿ ಏನೂ ಇರಲಿಲ್ಲ.

ಅಲ್ಲಿ ಅವಳೇ ನಿಲ್ಲುತ್ತಿದ್ದಳು. ಬೆಳಗ್ಗೆ, ಸಂಜೆ, ಅಷ್ಟು ವರ್ಷ, ಒಲೆಗೆ ಮುಖ ಮಾಡಿ, ಮನೆಗೆ ಬೆನ್ನು ಮಾಡಿ.

ಅವಳು ಕೇಳಿದಳು:

"ಕಾಲಲ್ಲಿ ಒದ್ದಿದ್ನಾ ನಾನು ಅದಕ್ಕೆ?"

ಗೊತ್ತಿಲ್ಲ ಎಂದೆ.

"ಒದ್ದ ನೆನಪಿಲ್ಲ. ತಳ್ಳಿರಬಹುದು. ಅವಸರದಲ್ಲಿ ಹಿಂದೆ ಬಂದಾಗ... ಎಲ್ರೂ ತಳ್ತಾರಲ್ವಾ?" ಆಮೇಲೆ, "ಇಲ್ಲ, ಬಿಸಿ ಎಣ್ಣೆ ಸಿಡಿಯುತ್ತೆ, ಹತ್ರ ಹೋಗ್ಬೇಡ ಅಂತ ಅತ್ತೆ ಕಲಿಸಿರ್ಬೇಕು. ಅಥ್ವಾ ನಾನು ಕೆಲಸದಲ್ಲಿದೀನಿ, ತೊಂದ್ರೆ ಕೊಡಬಾರ್ದು ಅಂತ ಅದೇ... ನೀವಾದ್ರೂ ಒಂದು ಹೇಳಿ. ಹೆದರಿಕೆಗಾ, ಮರ್ಯಾದೆಗಾ?"

ಹೆದರಿಕೆ ಎಂದು ಬರೆದರೆ ಅವಳು ಆ ಮನೆಯಿಂದ ಏಳಲಾರಳು. ಮರ್ಯಾದೆ ಎಂದು ಬರೆದರೆ ನೀವು ನಂಬಲಾರಿರಿ.

೭, ಅಥವಾ ಮುಗಿಸುವ ಕೆಲವು ಉಪಾಯಗಳು

ಒಂದು ಕೊನೆಯಲ್ಲಿ ಸೊಸೆ ನಾಯಿಯನ್ನು ಕರೆದುಕೊಂಡು ವಾಪಸು ಹೋಗುತ್ತಾಳೆ. ಗಂಡ ಹೆಂಡತಿ ಸೇರಿ ಹೊಸ ಮನೆಯ ಸಾಮಾನನ್ನೆಲ್ಲ ಹಳೆಯ ಮನೆಯಂತೆಯೇ ಜೋಡಿಸುತ್ತಾರೆ. ಚಿಲಕ ಬಾಲ ಆಡಿಸುತ್ತದೆ. ಬರೆದು ನೋಡಿದೆ. ಹೊಸ ಮನೆಯ ಗೋಡೆಗಳು ಬೇರೆ ಅಳತೆಯವು, ಮೇಜು ಹಿಡಿಯಲಿಲ್ಲ.

ಇನ್ನೊಂದರಲ್ಲಿ ವ್ಯಾನು ಬರುತ್ತದೆ, ಒಳ್ಳೆಯ ಜನ ಒಳ್ಳೆಯ ಮಾತಾಡಿ ಕರೆದೊಯ್ಯುತ್ತಾರೆ, ಸೊಸೆ ಮರುದಿನ ಲ್ಯಾಬಿಗೆ ಹೋಗಿ ಆ ಮುದುಕನ ಕೆಳಗಿನ ಸಾಲನ್ನು ಮುಗಿಸುತ್ತಾಳೆ. ಇದು ನಿಜಕ್ಕೆ ಹತ್ತಿರ. ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ಅದಕ್ಕೇ ನನಗೆ ಬರೆಯಲು ಕೈ ಬರಲಿಲ್ಲ.

"ಮೂರನೇದು?" ಎಂದಳು ಸೊಸೆ.

ಮೂರನೆಯದು ನಿನ್ನದು ಎಂದೆ. ಸೋತು ಹೇಳಿದ ಮಾತು, ಔದಾರ್ಯವೆಂದು ತಿಳಿಯಬೇಡಿ.

ಅವಳು ಒಲೆಕಟ್ಟೆಯ ಮುಂದೆ ಹೋಗಿ ಆ ಖಾಲಿ ಜಾಗದಲ್ಲಿ ನಿಂತಳು. ಈ ಸಲ ಮನೆಯ ಕಡೆ ಮುಖ ಮಾಡಿ ನಿಂತಳು. "ಬಾ" ಎಂದಳು. ಚಿಲಕ ಕಿವಿ ನಿಮಿರಿಸಿತು. ಎರಡು ಹೆಜ್ಜೆ ಬಂತು. ಅರ್ಧ ಸುತ್ತು ಶುರುವಾಗುವ ಜಾಗಕ್ಕೆ ಬಂದು, ಒಂದು ಮುಂಗಾಲನ್ನು ಎತ್ತಿ ಹಿಡಿದು ನಿಂತಿತು. ಗೋಡೆಯ ಕಡೆಗೋ, ಅವಳ ಕಡೆಗೋ?

ಫೋನು ಬಡಿದುಕೊಂಡಿತು. ಗಂಡ.

"ವ್ಯಾನ್ ಬಂದಿದೆ" ಎಂದ. ನಿದ್ದೆ ಮಾಡದವನ ದನಿ. "ಅವರು ಕೆಳಗೆ ಕಾಯ್ತಿದಾರೆ. ಏನ್ ಹೇಳ್ಲಿ? ಎಲ್ಲಿದೀಯ?"

ಸೊಸೆ ಅಲುಗಲಿಲ್ಲ. ಅಲುಗಿದರೆ ಆ ಕಾಲು ಯಾವ ಕಡೆಗೋ ಇಳಿದುಬಿಡುತ್ತದೆ ಎಂಬಂತೆ ಪಿಸುದನಿಯಲ್ಲಿ, "ಮನೇಲಿ" ಎಂದಳು.

"ಯಾವ ಮನೇಲಿ?"

ಅವಳು ನನ್ನ ಕಡೆ ನೋಡಿದಳು. ಇಷ್ಟು ಹೊತ್ತು ನನ್ನ ಒಂದೊಂದು ವಾಕ್ಯವನ್ನೂ ತಿದ್ದಿದವಳು, ಇದೊಂದನ್ನು ಬರೆದುಕೊಡಿ ಎಂಬಂತೆ ನೋಡಿದಳು. ನನ್ನ ಹತ್ತಿರ ಇಲ್ಲ. ಓದುಗರೇ, ನಿಮ್ಮ ಹತ್ತಿರ ಇದ್ದರೆ ಬೇಗ ಹೇಳಿ. ಫೋನಿನ್ನೂ ಕಟ್ ಆಗಿಲ್ಲ.